ಮಗ ಗಾಡಿಯ ಕೀ ಕೇಳಿದಾಗ: ಡ್ರೈವಿಂಗ್ ಕಲಿಕೆಯ ಬಗ್ಗೆ ಮಕ್ಕಳೂ ಹೆತ್ತವರೂ ತಿಳಿದಿರಬೇಕಾದದ್ದು



ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಒಬ್ಬ ತಾಯಿ ಹೀಗೆ ಕೇಳಿದರು: "ನನ್ನ ಮಗ ಪಿಯುಸಿಗೆ ಹೋಗ್ತಾನೆ. ಹದಿನಾರು ತುಂಬಿ ಹತ್ತು ತಿಂಗಳಾಯ್ತು. ಡೈರಿಗೆ ಹಾಲು ಹಾಕ್ಲಿಕ್ಕೆ ಅಂತ ಸಾಲ ತೆಗೆದು ನಾನು ಸ್ಕೂಟರ್ ತಗೊಂಡೆ. ಈಗ ದಿನಾ ಅವನು ಕೀ ಕೊಡು ಅಂತಾನೆ. ಊರೊಳಗೆ ಮಾತ್ರ ಓಡಿಸಿದ್ರೆ ಪರವಾಗಿಲ್ವಾ?"

ಉತ್ತರ ಕೊಡಲು ನಾಲ್ಕು ಜನ ಮುಂದೆ ಬಂದರು. "ನಮ್ಮವ ಎಂಟನೇ ಕ್ಲಾಸಿಂದ ಓಡಿಸ್ತಾನೆ, ಏನೂ ಆಗ್ಲಿಲ್ಲ" ಎಂದರು ಒಬ್ಬರು. "ಪೊಲೀಸರು ಪೇಟೆಯಲ್ಲಿ ಮಾತ್ರ ಹಿಡಿಯೋದು" ಎಂದರು ಇನ್ನೊಬ್ಬರು. "ಒಂದು ಎಲ್‌ಎಲ್ಆರ್ ಮಾಡಿಸಿ ಕಿಸೆಯಲ್ಲಿ ಇಟ್ಟರೆ ಸಾಕು" ಎಂಬ ಸಲಹೆಯೂ ಬಂತು. ಮೂರೂ ತಪ್ಪು. ಅಂದು ಸಮಯ ಸಾಲದೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇವೆ. ದಯವಿಟ್ಟು ಮನೆಯಲ್ಲಿ ಮಕ್ಕಳ ಜೊತೆ ಕೂತು ಓದಿರಿ.

ವಯಸ್ಸು ಎಷ್ಟು ಆಗಿರಬೇಕು?

1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನ ಓಡಿಸಲು 18 ವರ್ಷ ತುಂಬಿರಬೇಕು. 16 ವರ್ಷ ತುಂಬಿದವರಿಗೆ ಒಂದೇ ಒಂದು ವಿನಾಯಿತಿ ಇದೆ. 50 ಸಿ.ಸಿ. ಮೀರದ ಎಂಜಿನ್ ಇರುವ ದ್ವಿಚಕ್ರ ವಾಹನವನ್ನು ಅವರು ಲೈಸೆನ್ಸ್ ಪಡೆದು ಓಡಿಸಬಹುದು. ಅದಕ್ಕೂ ತಂದೆ, ತಾಯಿ ಅಥವಾ ಪೋಷಕರ ಒಪ್ಪಿಗೆಯ ಸಹಿ ಬೇಕು. ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. "ಗೇರ್ ಇಲ್ಲದ ಗಾಡಿಗೆ ಹದಿನಾರು ಸಾಕು" ಎಂದು ಬಾಯಿಂದ ಬಾಯಿಗೆ ಬಂದ ಮಾತು ಇದೆ. ಅದು ಹಳೇ ಕಾಲದ ಸಣ್ಣ ಮೊಪೆಡ್ಡುಗಳಿಗೆ ಸರಿ ಇತ್ತು. ಇಂದು ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳು 100 ಸಿ.ಸಿ.ಗಿಂತ ಮೇಲಿನವು. ಗೇರ್ ಇಲ್ಲದಿದ್ದರೂ ಅವು ಹದಿನಾರರ ಹುಡುಗನಿಗೆ ಅಲ್ಲ.

ಕರೆಂಟಿನ ಸ್ಕೂಟರಿನ ವಿಷಯದಲ್ಲೂ ಇದೇ ಗೊಂದಲ. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ ಚಿಕ್ಕ ಗಾಡಿಗಳಿಗೆ ಮಾತ್ರ ನೋಂದಣಿ, ಲೈಸೆನ್ಸ್ ಬೇಡ. ಉಳಿದ ಎಲ್ಲ ಎಲೆಕ್ಟ್ರಿಕ್ ಸ್ಕೂಟರುಗಳಿಗೂ ನಂಬರ್ ಪ್ಲೇಟ್, ಇನ್ಶೂರೆನ್ಸ್, ಲೈಸೆನ್ಸ್ ಬೇಕು. ಅಂಗಡಿಯವರು "ಮಕ್ಕಳೂ ಓಡಿಸಬಹುದು" ಎಂದರೆ ಆ ಮಾತನ್ನು ಬಿಲ್ಲಿನ ಮೇಲೆ ಬರೆದು ಕೊಡಲು ಹೇಳಿ. ಬರೆದು ಕೊಡುವುದಿಲ್ಲ.

ಕೊಟ್ಟರೆ ಯಾರಿಗೆ ಶಿಕ್ಷೆ?

2019ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ 199ಎ ಎಂಬ ಹೊಸ ಕಲಂ ಸೇರಿತು. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಎಂದು ಇದು ಹೇಳುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವ ತನಕ ಕಲಿಕೆಯ ಲೈಸೆನ್ಸ್ ಕೂಡ ಸಿಗುವುದಿಲ್ಲ. ನನಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋದ, ತಡೆಯಲು ನಾನು ಎಲ್ಲಾ ಪ್ರಯತ್ನ ಮಾಡಿದ್ದೆ ಎಂದು ಸಾಬೀತು ಮಾಡಿದರೆ ಮಾತ್ರ ಪಾರು. ಸಾಬೀತು ಮಾಡುವ ಹೊರೆ ನಿಮ್ಮದೇ. ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಾ ಇದ್ದರೆ ಇದನ್ನು ಹೇಳುವುದು ಕಷ್ಟ. ನಮ್ಮ ರಾಜ್ಯದ ಹಲವು ನ್ಯಾಯಾಲಯಗಳು ಈಗಾಗಲೇ ತಂದೆ ತಾಯಂದಿರಿಗೆ 25,000 ರೂ. ದಂಡ ಹಾಕಿವೆ. ಅದು ರಸ್ತೆಯಲ್ಲಿ ರಶೀದಿ ಹರಿದು ಮುಗಿಸುವ ದಂಡ ಅಲ್ಲ, ಕೋರ್ಟಿಗೆ ಹೋಗಲೇಬೇಕು.

ಲೈಸೆನ್ಸಿನ ಆಸೆ ಇರುವ ಮಕ್ಕಳು ಈ 25 ವರ್ಷದ ಮಾತನ್ನು ಎರಡು ಸಲ ಓದಬೇಕು. ಪಿಯುಸಿ, ಡಿಗ್ರಿ, ಮೊದಲ ಕೆಲಸ ಎಲ್ಲ ಬಸ್ಸಿನಲ್ಲೇ ಕಳೆಯಬೇಕಾಗುತ್ತದೆ. ಡ್ರೈವರ್ ಆಗಿ ದುಡಿಯುವ ಯೋಚನೆ ಇದ್ದವನಿಗೆ ಅದರ ಬಾಗಿಲೇ ಮುಚ್ಚಿದಂತೆ.

ದಂಡಕ್ಕಿಂತ ದೊಡ್ಡ ಹೊಡೆತ

25,000ವನ್ನು ಹೇಗಾದರೂ ಹೊಂದಿಸಬಹುದು. ಹುಡುಗ ಓಡಿಸುವ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದರೆ ಏನಾಗುತ್ತದೆ ಎಂಬುದನ್ನು ನೋಡಿ. ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಪೆಟ್ಟಾದವರಿಗೆ, ತೀರಿಕೊಂಡವರ ಮನೆಯವರಿಗೆ ಕ್ಲೇಮ್ಸ್ ಟ್ರಿಬ್ಯೂನಲ್ ಪರಿಹಾರ ನಿಗದಿ ಮಾಡುತ್ತದೆ, ಅದನ್ನು ಇನ್ಶೂರೆನ್ಸ್ ಕಂಪನಿ ಕಟ್ಟುತ್ತದೆ. ಆದರೆ ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ, ಅದು ಗೊತ್ತಿದ್ದೂ ಮಾಲೀಕರು ಗಾಡಿ ಕೊಟ್ಟರು ಎಂದಾದರೆ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕಟ್ಟಿ ಆಮೇಲೆ ಅದನ್ನು ಮಾಲೀಕರಿಂದ ವಸೂಲು ಮಾಡಬಹುದು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಹೇಳಿದೆ.

ದುಡಿಯುವ ವಯಸ್ಸಿನವರೊಬ್ಬರು ತೀರಿಕೊಂಡರೆ ಪರಿಹಾರ ಲಕ್ಷಗಳಲ್ಲಿ ಇರುತ್ತದೆ. ಆರ್.ಸಿ. ಯಾರ ಹೆಸರಲ್ಲಿದೆಯೋ ಅವರ ಹೆಸರಿಗೆ ನೋಟೀಸು. ಹಾಲಿನ ದುಡ್ಡಿನಿಂದ ಕಂತು ಕಟ್ಟುವ ಆ ತಾಯಿಯ ಗತಿ ಏನಾಗಬಹುದು? ಮನೆ, ಜಾಗ ಮಾರಿದರೂ ತೀರದ ಸಾಲ ಅದು. ಇನ್ನೊಂದು ಕುಟುಂಬದ ದುಡಿಯುವ ಕೈ ಹೋದ ಮೇಲೆ ಆ ಪರಿಹಾರ ಸಿಗಬೇಕಾದದ್ದೂ ನ್ಯಾಯವೇ.

ಇದರ ಜೊತೆಗೆ ಒಂದು ವಿಷಯ ಪರೀಕ್ಷಿಸಿಕೊಳ್ಳಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸುತ್ತಾರೆ. ಆ ಐದು ವರ್ಷ ಮುಗಿದದ್ದು ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಸೀಟಿನ ಅಡಿಯ ಪಾಲಿಸಿ ತೆಗೆದು ಕೊನೆಯ ತಾರೀಕು ನೋಡಿ ಬನ್ನಿ.

ಎಲ್‌ಎಲ್ಆರ್ ಎಂದರೆ ಓಡಿಸುವ ಲೈಸೆನ್ಸ್ ಅಲ್ಲ

18 ತುಂಬಿದ ಮೇಲೆ ಮೊದಲ ಹೆಜ್ಜೆ ಕಲಿಕೆಯ ಲೈಸೆನ್ಸ್. ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಒಂದು ಬಗೆಯ ವಾಹನಕ್ಕೆ 150 ರೂ., ಪರೀಕ್ಷೆಗೆ 50 ರೂ. ಶುಲ್ಕ. ಆಧಾರ್ ಇದ್ದವರು ಮನೆಯಿಂದಲೇ ಆನ್‌ಲೈನ್ ಪರೀಕ್ಷೆ ಬರೆಯಬಹುದು. ಇಲ್ಲೊಂದು ಕೆಟ್ಟ ಅಭ್ಯಾಸ ಶುರುವಾಗಿದೆ. ಸೈಬರ್ ಸೆಂಟರಿನ ಹುಡುಗನಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ಉತ್ತರ ಅವನೇ ಒತ್ತಿಬಿಡುತ್ತಾನೆ. ಮಗನಿಗೆ ರಸ್ತೆಯ ಒಂದು ಚಿಹ್ನೆಯೂ ಗೊತ್ತಿಲ್ಲದೆ ಕೈಗೆ ಎಲ್‌ಎಲ್ಆರ್ ಬರುತ್ತದೆ. ಆ ಪ್ರಶ್ನೆಗಳೇನೂ ಕಷ್ಟದವಲ್ಲ. ಕೆಂಪು ವೃತ್ತ ಇದ್ದರೆ ಆಜ್ಞೆ, ಕೆಂಪು ತ್ರಿಕೋನ ಇದ್ದರೆ ಎಚ್ಚರಿಕೆ, ನೀಲಿ ಚೌಕ ಇದ್ದರೆ ಮಾಹಿತಿ, ಇಷ್ಟರಿಂದ ಶುರು ಮಾಡಿದರೆ ಒಂದು ವಾರದಲ್ಲಿ ಎಲ್ಲಾ ಕಲಿಯಬಹುದು. ಹುಡುಗ ಬಾಯಿಪಾಠ ಮಾಡಿ ತಾಯಿಗೆ ಒಪ್ಪಿಸಲಿ.

ಎಲ್‌ಎಲ್ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಬಂದ 30 ದಿನ ಆದ ಮೇಲೆಯೇ ಡ್ರೈವಿಂಗ್ ಟೆಸ್ಟಿಗೆ ಹೋಗಲು ಸಾಧ್ಯ. ಈ ಅವಧಿಯಲ್ಲಿ ಒಬ್ಬನೇ ಓಡಿಸುವ ಹಾಗಿಲ್ಲ. ಆ ಬಗೆಯ ವಾಹನದ ಪೂರ್ಣ ಲೈಸೆನ್ಸ್ ಇದ್ದವರು ಜೊತೆಗಿದ್ದು, ಬೇಕಾದಾಗ ಗಾಡಿಯನ್ನು ನಿಲ್ಲಿಸಲು ಅನುಕೂಲವಾಗುವ ಹಾಗೆ ಕೂತಿರಬೇಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರದ ಬೋರ್ಡು ಇರಬೇಕು. ದ್ವಿಚಕ್ರದಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಎಲ್‌ಎಲ್ಆರ್ ಕಿಸೆಯಲ್ಲಿಟ್ಟು ಗೆಳೆಯನನ್ನು ಕೂರಿಸಿ ಜಾತ್ರೆಗೆ ಹೋದರೆ ಅದು ಲೈಸೆನ್ಸಿಗೆ ಹಾಕಿದ ಷರತ್ತನ್ನು ಮುರಿದ ಹಾಗೆ.

ಡ್ರೈವಿಂಗ್ ಸ್ಕೂಲ್ ಆರಿಸುವಾಗ

ಕಾರು ಕಲಿಯಬೇಕಾದರೆ ಡ್ರೈವಿಂಗ್ ಸ್ಕೂಲಿಗೆ ಸೇರುವುದು ವಾಡಿಕೆ. ಎಷ್ಟು ದಿನಕ್ಕೆ ಎಷ್ಟು ದುಡ್ಡು ಎಂದು ಕೇಳುತ್ತೇವೆ, ಅಷ್ಟೆ. ಕೇಳಬೇಕಾದದ್ದು ಬೇರೆ ಇದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲ್ ನಡೆಸಲು ಸಾರಿಗೆ ಇಲಾಖೆಯ ಪರವಾನಗಿ ಬೇಕು. ಆ ಪರವಾನಗಿ ಗೋಡೆಯ ಮೇಲೆ ಕಾಣುವ ಹಾಗೆ ಇರಬೇಕು. ಕಲಿಸುವವರು ಕನಿಷ್ಠ ಹತ್ತನೇ ತರಗತಿ ಪಾಸಾಗಿ, ಐದು ವರ್ಷ ವಾಹನ ಓಡಿಸಿದ ಅನುಭವ ಇರುವವರಾಗಿರಬೇಕು. ಮೆಕ್ಯಾನಿಕ್ ತರಬೇತಿಯ ಸರ್ಟಿಫಿಕೇಟೂ ಬೇಕು. ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರಬೇಕು. ಅದು ಇಲ್ಲದ ಕಾರಿಗೆ ನಿಮ್ಮ ಮಗಳನ್ನು ಹತ್ತಿಸಬೇಡಿ.

ಎಲ್ಲಕ್ಕಿಂತ ಮುಖ್ಯ ಮಾತು ಗಂಟೆಗಳದ್ದು. ಕಾರಿನಂಥ ಲಘು ವಾಹನದ ತರಬೇತಿ ಕನಿಷ್ಠ 21 ದಿನ ನಡೆಯಬೇಕು ಮತ್ತು ಕಲಿಯುವವರ ಕೈಯಲ್ಲಿ ಸ್ಟಿಯರಿಂಗ್ ಇರುವ ಸಮಯ 10 ಗಂಟೆಗೆ ಕಡಿಮೆ ಇರಬಾರದು ಎಂದು 31ನೇ ನಿಯಮ ಹೇಳುತ್ತದೆ. ಈ ಗಂಟೆಗಳನ್ನು ಬರೆದಿಡಲು ಫಾರಂ 15 ಎಂಬ ದಾಖಲೆ ಇದೆ. ಅದನ್ನು ನೋಡುವುದು ನಿಮ್ಮ ಹಕ್ಕಿನ ಮಾತು ಎಂದೇ ತಿಳಿದು ಕೇಳಿ. ನಡೆಯುವುದು ಏನು? ಒಂದೇ ಕಾರಿನಲ್ಲಿ ನಾಲ್ಕು ಜನ. ಒಬ್ಬರು ಹತ್ತು ನಿಮಿಷ ಓಡಿಸುತ್ತಾರೆ, ಉಳಿದವರು ಹಿಂದೆ ಕೂತು ಮೊಬೈಲು ನೋಡುತ್ತಾರೆ. ದಿನಕ್ಕೆ ಹತ್ತು ನಿಮಿಷದಂತೆ 21 ದಿನ ಎಂದರೆ ಮೂರೂವರೆ ಗಂಟೆ. ಕಾಗದದಲ್ಲಿ ಮಾತ್ರ ಹತ್ತು. ಆದ್ದರಿಂದ ಮಗಳು ಒಂದು ಚಿಕ್ಕ ಪುಸ್ತಕದಲ್ಲಿ ದಿನದಿನದ ನಿಮಿಷ ಬರೆದಿಡಲಿ. ಕೊನೆಯಲ್ಲಿ ಫಾರಂ 5 ಎಂಬ ಪ್ರಮಾಣಪತ್ರ ಕೊಡುವಾಗ ಆ ಪುಸ್ತಕ ತೋರಿಸಿ ಬಾಕಿ ಗಂಟೆ ಕೇಳಬಹುದು. ಪ್ರಾಮಾಣಿಕವಾಗಿ ಕಲಿಸುವ ಸ್ಕೂಲುಗಳೂ ಬೇಕಾದಷ್ಟಿವೆ. ಅಂಥವರು ಈ ಪುಸ್ತಕ ನೋಡಿ ಸಿಟ್ಟಾಗುವುದಿಲ್ಲ.

2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಎಂಬ ಹೊಸ ವ್ಯವಸ್ಥೆಯೂ ಬಂದಿದೆ. ಅಲ್ಲಿ ಕಾರಿನ ಕೋರ್ಸು ಒಟ್ಟು 29 ಗಂಟೆ, ಅದರಲ್ಲಿ 8 ಗಂಟೆ ಪಾಠ, 21 ಗಂಟೆ ಓಡಿಸುವ ಅಭ್ಯಾಸ. ಅಲ್ಲಿ ಪಾಸಾದವರಿಗೆ ಆರ್.ಟಿ.ಓ.ದಲ್ಲಿ ಮತ್ತೆ ಟೆಸ್ಟ್ ಇಲ್ಲ. ಇಂಥ ಕೇಂದ್ರಗಳು ಎಲ್ಲಾ ಊರಿನಲ್ಲಿ ಇಲ್ಲ. ಸಾಮಾನ್ಯ ಸ್ಕೂಲಿನ ಜಾಹೀರಾತಿನಲ್ಲಿ "ಟೆಸ್ಟ್ ಇಲ್ಲದೆ ಲೈಸೆನ್ಸ್" ಎಂದಿದ್ದರೆ ಮಾನ್ಯತೆಯ ಪತ್ರ ತೋರಿಸಲು ಹೇಳಿ.

ಬೈಕನ್ನು ಕಲಿಸುವವರು ಯಾರು?

ಈ ಲೇಖನ ಬರೆಯಲು ನಿಜವಾದ ಕಾರಣ ಇದು. ಕಾರಿಗೆ ಸ್ಕೂಲಿದೆ, ಗಂಟೆಯ ಲೆಕ್ಕವಿದೆ. ನಮ್ಮ ಮಕ್ಕಳು ಸಾಯುತ್ತಿರುವುದು ಹೆಚ್ಚಾಗಿ ಬೈಕಿನಲ್ಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರದವರು. ಹೆಲ್ಮೆಟ್ ಹಾಕದೆ ಸತ್ತವರೇ 50,000ಕ್ಕೂ ಹೆಚ್ಚು, ಅದರಲ್ಲಿ ಹಿಂದೆ ಕೂತವರು 14,000ಕ್ಕೂ ಹೆಚ್ಚು.

ಬೈಕನ್ನು ಹೆಚ್ಚಿನ ಹುಡುಗರಿಗೆ ಕಲಿಸಿದ್ದು ಗೆಳೆಯ. ಸಂಜೆ ಶಾಲೆಯ ಮೈದಾನದಲ್ಲಿ ಎರಡು ಸುತ್ತು, ಮೂರನೇ ದಿನ ರಸ್ತೆ. ಕ್ಲಚ್ಚು ಬಿಡುವುದು, ಆಕ್ಸಿಲರೇಟರ್ ತಿರುಗಿಸುವುದು ಬಂದರೆ ಬಂತು ಎಂದೇ ಲೆಕ್ಕ. ನಿಲ್ಲಿಸಲು ಯಾರೂ ಕಲಿಸಿರುವುದಿಲ್ಲ. ಆದ್ದರಿಂದ 18 ತುಂಬಿ ಎಲ್‌ಎಲ್ಆರ್ ಬಂದ ಮೇಲೆ ಮನೆಯಲ್ಲಿ ನಿಧಾನಿ ಎಂದು ಹೆಸರಾದವರೊಬ್ಬರು, ಅಪ್ಪ, ಅಮ್ಮ, ಮಾವ ಯಾರೇ ಆಗಲಿ, ಪಕ್ಕದಲ್ಲಿ ನಿಂತು ಕಲಿಸಬೇಕು. ಮೊದಲ ವಾರ ಬರೀ ನಿಲ್ಲಿಸುವ ಅಭ್ಯಾಸ. ಎರಡೂ ಬ್ರೇಕು ಒಟ್ಟಿಗೆ, ಮೆಲ್ಲ ಒತ್ತಿ ಆಮೇಲೆ ಜೋರು. "ಮುಂದಿನ ಬ್ರೇಕು ಹಿಡಿದರೆ ಬೀಳ್ತಿ" ಎಂದು ಹಿರಿಯರು ಹೆದರಿಸುತ್ತಾರೆ. ಗಾಡಿಯನ್ನು ಬೇಗ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿನಲ್ಲೇ. ಬೀಳುವುದು ತಿರುವಿನಲ್ಲಿ, ಜಲ್ಲಿ, ಮರಳು, ಕೆಸರಿನ ಮೇಲೆ ಅದನ್ನು ಒಮ್ಮೆಲೇ ಹಿಡಿದಾಗ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿದರೆ ತಿರುವಿನಲ್ಲಿ ಬ್ರೇಕೇ ಬೇಡ. ಮೊದಲ ಮಳೆ ಬಿದ್ದಾಗ ರಸ್ತೆಯ ಎಣ್ಣೆ, ಧೂಳು ಕಲೆತು ಜಾರುವುದು ಹೆಚ್ಚು ಎಂಬುದನ್ನೂ ಹೇಳಿಕೊಡಿ. ಘಾಟಿಯ ಕಿರಿದಾದ ದಾರಿಯಲ್ಲಿ ಮೇಲೆ ಹತ್ತುವ ವಾಹನಕ್ಕೆ ಮೊದಲ ದಾರಿ.

ಇನ್ನು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು. ವಾಟ್ಸಾಪ್ ಬಂತೆಂದು ಎರಡೇ ಸೆಕೆಂಡು ಕಣ್ಣು ಕೆಳಗೆ ಹೋದರೆ 33 ಮೀಟರು ಕುರುಡಾಗಿ ಓಡಿದಂತೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಪಿಯುಸಿಯಲ್ಲಿ ಫಿಸಿಕ್ಸ್ ಓದುವ ಮಗನಿಗೆ ಈ ಲೆಕ್ಕವನ್ನು ಮಾಡಿ ತೋರಿಸಲು ಹೇಳಿ, ಅವನೇ ಮಾಡಲಿ.

ಹೆಲ್ಮೆಟ್ಟಿನ ಬಗ್ಗೆ ಜಗಳ ಬೇಡ. ಓಡಿಸುವವರಿಗೂ ಹಿಂದೆ ಕೂತವರಿಗೂ ಅದು ಕಡ್ಡಾಯ. ಐ.ಎಸ್.ಐ. ಗುರುತು ಇರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಪಟ್ಟಿ ಹಾಕದ ಹೆಲ್ಮೆಟ್ ತಲೆಗಿಂತ ಮೊದಲೇ ನೆಲ ಮುಟ್ಟುತ್ತದೆ. ರಸ್ತೆ ಬದಿಯ ಟೋಪಿಯಂಥ ಹೆಲ್ಮೆಟ್ ಪೊಲೀಸರಿಗೆ ತೋರಿಸಲು ಆದೀತು, ಬಿದ್ದಾಗ ಆಗದು.

ಲೈಸೆನ್ಸ್ ಸಿಕ್ಕಿದ ಮೊದಲ ವರ್ಷ

ಟೆಸ್ಟಿಗೆ 300 ರೂ., ಲೈಸೆನ್ಸಿಗೆ 200 ರೂ. ಶುಲ್ಕ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು, ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಫೇಲಾಗುವುದು ನಾಚಿಕೆಯಲ್ಲ. ಏಜೆಂಟರ ಮೂಲಕ "ಹೊಂದಿಸಿಕೊಂಡು" ಪಾಸಾಗುವುದು ಮಾತ್ರ ಮಗನ ಕೈಗೆ ಕೊಟ್ಟ ಅಪಾಯ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 16-17ರ ಮಕ್ಕಳಿಗೆ ಲೈಸೆನ್ಸ್ ಕೊಡುತ್ತಾರೆ. ಆದರೆ ಅದಕ್ಕೆ ಮುಂಚೆ ಆರು ತಿಂಗಳಲ್ಲಿ ದೊಡ್ಡವರ ಜೊತೆ 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತಿನಲ್ಲಿ. ಲೈಸೆನ್ಸ್ ಬಂದ ಮೇಲೂ ಒಂದು ವರ್ಷ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಒಬ್ಬರೇ ಓಡಿಸುವಂತಿಲ್ಲ, ದೊಡ್ಡವರಿಲ್ಲದೆ 20 ವರ್ಷದೊಳಗಿನ ಗೆಳೆಯರನ್ನು ಕೂರಿಸುವಂತಿಲ್ಲ. ಇದಕ್ಕೆ ಕಾರಣ ಇದೆ. ಅಪಾಯ ತೂಗಿ ನೋಡುವ ಮಿದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಗೆಳೆಯರು ಜೊತೆಗಿದ್ದಾಗ ಹುಡುಗರು ಹೆಚ್ಚು ವೇಗಕ್ಕೆ ಹೋಗುತ್ತಾರೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಮನೆಯಲ್ಲಿ ಮಾಡಿಕೊಳ್ಳಲು ಅಡ್ಡಿ ಏನು? ಮೊದಲ ಆರು ತಿಂಗಳು ಕತ್ತಲಾದ ಮೇಲೆ ಗಾಡಿ ಇಲ್ಲ, ಹಿಂದೆ ಮನೆಯವರು ಮಾತ್ರ, ಫೋನು ಸೀಟಿನಡಿಯಲ್ಲಿ, ತ್ರಿಬಲ್ ರೈಡಿಂಗ್ ಕಂಡರೆ ಒಂದು ತಿಂಗಳು ಕೀ ಇಲ್ಲ. ಬರೆದು ಗೋಡೆಗೆ ಅಂಟಿಸಿ. ಅಪ್ಪನೂ ಅದಕ್ಕೆ ಸಹಿ ಹಾಕಲಿ. ಕುಡಿದು ಗಾಡಿ ತರುವ ಅಪ್ಪನ ಮಾತಿಗೆ ಮಗನ ಹತ್ತಿರ ಬೆಲೆ ಇರುವುದಿಲ್ಲ.

"ನಮಗೇ ಓಡಿಸಲು ಬರಲ್ಲ, ಏನು ಹೇಳೋದು" ಎನ್ನುವ ತಾಯಂದಿರಿದ್ದಾರೆ. ಹಿಂದೆ ಕೂತು ಒಮ್ಮೆ ಪೇಟೆಗೆ ಹೋಗಿ ಬನ್ನಿ. ಮೀಟರಿನ ಮುಳ್ಳು, ಕನ್ನಡಿ ನೋಡುತ್ತಾನೋ ಇಲ್ಲವೋ, ಬಸ್ಸಿನ ಎಡಗಡೆಯಿಂದ ನುಗ್ಗುತ್ತಾನೋ ಎಂಬುದು ಕಾಣಲು ಲೈಸೆನ್ಸ್ ಬೇಡ.

ಡ್ರೈವಿಂಗನ್ನೇ ಉದ್ಯೋಗ ಮಾಡಲು ಬಯಸುವವರಿಗೆ ಒಂದೆರಡು ಮಾತು. ಬಾಡಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು. ಲಾರಿ, ಬಸ್ಸಿನ ಲೈಸೆನ್ಸಿಗೆ ಮುಂಚೆ ಲಘು ವಾಹನದ ಲೈಸೆನ್ಸ್ ಒಂದು ವರ್ಷ ಆಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದು ಹಾಕಿದ್ದಾರೆ. ಶಾಲೆ ಬಿಟ್ಟವರೂ ಧೈರ್ಯವಾಗಿ ಅರ್ಜಿ ಹಾಕಬಹುದು.

ಅಪಘಾತ ಆದರೆ ಓಡಿಹೋಗಬಾರದು ಎಂಬುದನ್ನು ಕಲಿಯುವಾಗಲೇ ಮಕ್ಕಳಿಗೆ ಹೇಳಿ. ಪೆಟ್ಟಾದವರಿಗೆ ಚಿಕಿತ್ಸೆ ಕೊಡಿಸುವುದು ಓಡಿಸಿದವರ ಕಾನೂನಿನ ಕರ್ತವ್ಯ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಬೇಕು. ದಾರಿಯಲ್ಲಿ ಬಿದ್ದ ಬೇರೆಯವರಿಗೆ ಸಹಾಯ ಮಾಡಿದವರನ್ನು ಕಾಯ್ದೆಯ 134ಎ ಕಲಂ ರಕ್ಷಿಸುತ್ತದೆ. ಹೆಸರು ಹೇಳಬೇಕೆಂದು ಅವರನ್ನು ಒತ್ತಾಯ ಮಾಡುವ ಹಾಗಿಲ್ಲ.

ಸಭೆಯಲ್ಲಿ ಪ್ರಶ್ನೆ ಕೇಳಿದ ತಾಯಿಯ ಮಗನಿಗೆ 18 ತುಂಬಲು ಆಗ 14 ತಿಂಗಳಿತ್ತು. ತಿಂಗಳಿಗೆ 500 ರೂ. ಬೇರೆಯಾಗಿ ಉಳಿಸಿದರೆ ಆ ಹೊತ್ತಿಗೆ 7,000 ಆಗುತ್ತದೆ, ಲೈಸೆನ್ಸಿಗೂ ಕೋರ್ಸಿಗೂ ಇರಲಿ ಎಂದು ಅವರು ಪಾಸ್‌ಪುಸ್ತಕದಲ್ಲಿ ಬೇರೆ ಕಾಲಂ ಬರೆಸಿಕೊಂಡರು. ಎರಡು ಹೆಲ್ಮೆಟ್ ಮಾತ್ರ ಆ ವಾರವೇ ತಂದರು. ಬೆಳಿಗ್ಗೆ ಡೈರಿಗೆ ಹೋಗುವಾಗ ಹಾಲಿನ ಕ್ಯಾನು ಹಿಡಿದು ಹಿಂದೆ ಕೂರುವುದು ಅವನೇ.